ಅವ್ವ ತೋರಿಸಿದ ಬಾಯಿ

ಜಿಲ್ಲೆಯ ಹಲ್ಲಿನ ಡಾಕ್ಟರುಗಳೆಲ್ಲ ಸೇರಿ ಬೀದರಿನಲ್ಲಿ ಒಂದು ಸಭೆ ಮಾಡಿದರು. ನಮ್ಮ ವೃತ್ತಿಯ ಮುಂದಿರುವ ಸವಾಲುಗಳು ಎಂಬುದು ವಿಷಯ. ತಲೆಗೂದಲು ನೆರೆತದ್ದೇ ಅರ್ಹತೆಯೆಂದು ತಿಳಿದು ನನ್ನನ್ನೂ ಮಾತಾಡಲು ಕರೆದಿದ್ದರು. ಹೋದೆ, ಮಾತಾಡಿದೆ. ಬಾಯೊಳಗೆ ಪೆನ್ನಿನಂಥ ಕ್ಯಾಮೆರಾ ಆಡಿಸಿ ಅಳತೆ ತೆಗೆಯುವ ಯಂತ್ರದ ಬಗ್ಗೆ, ಕೊರಿಯರ್‌ನಲ್ಲಿ ಮನೆಗೇ ಬರುವ ಹಲ್ಲಿನ ಕ್ಲಿಪ್ಪುಗಳ ಬಗ್ಗೆ, ಹೆದ್ದಾರಿಯ ಪಕ್ಕಕ್ಕೆ ಬಂದು ಕೂತ ಕಂಪನಿ ದವಾಖಾನೆಗಳ ಬಗ್ಗೆ, ಫೋಟೊ ನೋಡಿ ರೋಗ ಹೇಳುವ ಸಾಫ್ಟ್‌ವೇರಿನ ಬಗ್ಗೆ. ಶಾಲು ಹೊದಿಸಿದರು, ಊಟ ಹಾಕಿದರು. ನನಗೆ ಮೈಮೇಲೆ ಬಂದು ಗೊತ್ತಾದ ಸವಾಲು ಒಂದೇ ಇತ್ತು. ಅದೊಂದನ್ನು ಅಲ್ಲಿ ಹೇಳಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ದವಾಖಾನೆ ಇರುವುದು ಬಸವಕಲ್ಯಾಣದಲ್ಲಿ. ಹುಟ್ಟಿದ ಮನೆ ಹುಮನಾಬಾದಿನಲ್ಲಿ. ಅಲ್ಲಿ ಅವ್ವ, ತಮ್ಮ, ತಮ್ಮನ ಹೆಂಡತಿ ಮತ್ತು ಅವರ ಒಬ್ಬಳೇ ಮಗಳು. ತಮ್ಮನದು ಬೀಜ ಗೊಬ್ಬರದ ಅಂಗಡಿ. ನಾನು ಕಲ್ಯಾಣದಲ್ಲಿ ಬೋರ್ಡು ಹಾಕಿದ ಕಾಲಕ್ಕೆ ಹಲ್ಲಿನ ಡಾಕ್ಟರ್ ಅಂದರೆ ಹಲ್ಲು ಕೀಳುವವನು, ಅಷ್ಟೇ. ಕಿತ್ತು ಕೈಗೆ ಕೊಡಿ ಎನ್ನುತ್ತಿದ್ದರು. ಉಳಿಸಬಹುದು ಅಂದರೆ, ಇವನಿಗೆ ಕೀಳಲು ಬರುವುದಿಲ್ಲವೇನೋ ಎಂಬಂತೆ ಮುಖ ನೋಡುತ್ತಿದ್ದರು. ಈಗ ಅದೇ ಮನೆಗಳ ಹುಡುಗ ಹುಡುಗಿಯರು ಫೋನಿನಲ್ಲಿ ಯಾವುದೋ ನಟನ ನಗೆ ತೋರಿಸಿ, ಇಂಥದ್ದೇ ಬೇಕು, ಮದುವೆ ಗೊತ್ತಾಗಿದೆ, ಬೇಗ ಆಗಬೇಕು ಎನ್ನುತ್ತಾರೆ. ಮಾಡಿಕೊಡುತ್ತೇನೆ. ನನ್ನ ಹೊಟ್ಟೆಯೂ ತುಂಬಬೇಕಲ್ಲ.

ಅವ್ವನ ಹಲ್ಲಿನ ಸೆಟ್ ಮಾತ್ರ ಹಳೆಯ ಪದ್ಧತಿಯಲ್ಲಿ ನಾನೇ ಕೈಯಾರೆ ಮಾಡಿದ್ದು. ಅಚ್ಚು ತೆಗೆದು, ಮೇಣದಲ್ಲಿ ಒಂದೊಂದೇ ಹಲ್ಲು ಜೋಡಿಸಿ, ಬಾಯಿಗಿಟ್ಟು ನೋಡಿ, ಮತ್ತೆ ತೆಗೆದು, ಮತ್ತೆ ಜೋಡಿಸಿ. ಬೇರೆಯವರಿಗೆ ಮಾಡುವಾಗ ಸಾಕು ಅನಿಸುವ ಕಡೆ ಅವ್ವನದಕ್ಕೆ ಸಾಕೆನಿಸಲಿಲ್ಲ. ಅದು ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಅವಳು ಒಣಗಿ ಗಟ್ಟಿಯಾದ ಕಟಕ್ ರೊಟ್ಟಿ ತಿನ್ನುತ್ತಿದ್ದಳು, ಪೇರಲಕಾಯಿ ಕಚ್ಚಿ ತೋರಿಸುತ್ತಿದ್ದಳು. ಬಂದ ನೆಂಟರ ಮುಂದೆಲ್ಲ ಸೆಟ್ ತೆಗೆದು ಅಂಗೈಯಲ್ಲಿಟ್ಟು ಮಗ ಮಾಡಿದ್ದು ಎಂದು ಮೆರೆಯುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು, ಖುಷಿಯೂ ಆಗುತ್ತಿತ್ತು.

ಅವ್ವನಿಗೆ ಹಲ್ಲು ಹೋದದ್ದು ಮಿಶ್ರಿಯಿಂದ. ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿದ್ದನ್ನು ನಮ್ಮ ಕಡೆ ಮಿಶ್ರಿ ಅನ್ನುತ್ತಾರೆ. ಬೆಳಿಗ್ಗೆ ಎದ್ದು ತೋರುಬೆರಳಲ್ಲಿ ಹಲ್ಲಿಗೆ, ಒಸಡಿಗೆ ಹಚ್ಚಿ ತಿಕ್ಕುತ್ತ ಕೂರುವುದು ಹೆಂಗಸರ ರೂಢಿ. ಹಲ್ಲುನೋವಿಗೆಂದು ಶುರುವಾಗುತ್ತದೆ. ಒಸಡು ಜೋಮು ಹಿಡಿದು ನೋವು ಮರೆಯುತ್ತದೆ, ಆಮೇಲೆ ಅದಿಲ್ಲದೆ ಬೆಳಗಾಗುವುದಿಲ್ಲ. ಸೆಟ್ ಹಾಕಿಸಿಕೊಂಡ ದಿನ ಅವ್ವ ಮಿಶ್ರಿ ಬಿಟ್ಟಳು. ಆದರೆ ಅವಳ ಡಬ್ಬಿ ಮನೆ ಬಿಟ್ಟು ಹೋಗಿರಲಿಲ್ಲ. ಬಸುರಿನಲ್ಲಿ ಹಲ್ಲು ನೋಯುತ್ತದೆಂದ ಸೊಸೆಗೆ ಆ ಡಬ್ಬಿಯಿಂದ ಮೊದಲ ಚಿಟಿಕೆ ಕೊಟ್ಟವಳು ಅವ್ವನೇ ಎಂಬುದು ನನಗೆ ತಿಳಿದದ್ದು ಎಲ್ಲ ಮುಗಿಯುವ ಹೊತ್ತಿಗೆ.

ಈ ಸೊಸೆಯ ಬಗ್ಗೆ ಹೇಳಬೇಕು. ಕೊಡಂಬಲದಿಂದ ನಮ್ಮ ಮನೆಗೆ ಬಂದವಳು. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಎದುರಿಗೆ ನಿಲ್ಲುವುದಿಲ್ಲ, ಅವನ ಜೊತೆ ನೇರ ಮಾತಾಡುವುದಿಲ್ಲ. ನಾನು ಪಡಸಾಲೆಗೆ ಬಂದರೆ ಅವಳ ಸೆರಗು ತಲೆಯಿಂದ ಇಳಿದು ಬಾಯಿ ಮುಚ್ಚುತ್ತಿತ್ತು, ಅವಳು ಅಡುಗೆಮನೆಗೆ ಸರಿಯುತ್ತಿದ್ದಳು. ನನಗೇನಾದರೂ ಕೇಳಬೇಕಿದ್ದರೆ ಮಗಳಿಗೆ ಹೇಳುವಳು: ದೊಡ್ಡಪ್ಪನ್ನ ಕೇಳು, ಚಹಾ ತರಲೇನು ಅಂತ. ಬಾಗಿಲ ಆ ಕಡೆ ಅವಳು, ಈ ಕಡೆ ನಾನು, ನಡುವೆ ಆ ಕೂಸು ಇಬ್ಬರ ಮಾತನ್ನೂ ಹೊತ್ತು ತಿರುಗುವುದು. ಒಮ್ಮೆ ನಾನು, ಇದೆಲ್ಲ ಯಾವ ಕಾಲದ್ದು, ಬಿಡಿರಿ ಅಂದೆ. ಅವಳು ಇನ್ನಷ್ಟು ಒಳಗೆ ಸರಿದಳು. ಅವ್ವ ನನ್ನನ್ನೇ ಬೈದಳು. ಅವಳ ಮರ್ಯಾದೆ ಅವಳದು, ಅದನ್ನು ಕಸಿಯಲು ನೀನ್ಯಾರು ಎಂದಳು.

ಹೀಗಾಗಿ ಅವಳ ಕೈಯ ಜೋಳದ ರೊಟ್ಟಿಯ ರುಚಿ ನನಗೆ ಗೊತ್ತಿತ್ತು, ಅಡುಗೆಮನೆಯಿಂದ ಕೇಳಿಬರುವ ಅವಳ ನಗು ಗೊತ್ತಿತ್ತು. ಅವಳ ಹಲ್ಲು ಹೇಗಿವೆ ಎಂದು ಗೊತ್ತಿರಲಿಲ್ಲ. ಇಡೀ ತಾಲೂಕಿನ ಬಾಯಿ ನೋಡುವವನಿಗೆ ಮನೆಯ ಒಂದು ಬಾಯಿ ಮುಚ್ಚಿಯೇ ಇತ್ತು.

ಅವ್ವ ಇದ್ದಕ್ಕಿದ್ದಂತೆ ಕಲ್ಯಾಣಕ್ಕೆ ಬರತೊಡಗಿದಳು. ಒಬ್ಬಳೇ ಬಸ್ಸು ಹತ್ತಿ ಬಂದು, ಪೇಷಂಟುಗಳ ಸಾಲಿನಲ್ಲೇ ಕೂತು, ಸರದಿ ಬಂದಾಗ ಒಳಗೆ ಬರುವಳು. ಎಡಗಡೆ ಕೆನ್ನೆಯೊಳಗೆ ಉರಿಯುತ್ತದೆ, ಖಾರ ಸೋಕಿದರೆ ಕಣ್ಣೀರು ಬರುತ್ತದೆ ಎಂದಳು. ನೋಡಿದೆ. ಏನೂ ಇರಲಿಲ್ಲ. ಸೆಟ್ಟಿನ ಅಂಚು ಎಲ್ಲೋ ಒತ್ತುತ್ತಿರಬೇಕೆಂದು ಎಡಭಾಗ ಒಂದಿಷ್ಟು ತಿಕ್ಕಿ ನುಣ್ಣಗೆ ಮಾಡಿ, ಹಚ್ಚಲು ಒಂದು ಮಲಾಮು ಕೊಟ್ಟೆ. ಕೆಲವು ದಿನ ಬಿಟ್ಟು ಮತ್ತೆ ಬಂದಳು. ಮಲಾಮು ಮುಗಿದಿದೆ, ಉರಿ ಹೋಗಿಲ್ಲ. ಮತ್ತೆ ನೋಡಿದೆ, ಏನೂ ಇಲ್ಲ, ಮತ್ತೆ ತಿಕ್ಕಿದೆ. ರಕ್ತ ಪರೀಕ್ಷೆ ಮಾಡಿಸಿದೆ, ವಿಟಮಿನ್ ಗುಳಿಗೆ ಬರೆದೆ. ವಯಸ್ಸಾದ ಹೆಂಗಸರಿಗೆ ಬಾಯಿ ಸುಮ್ಮನೆ ಉರಿಯುವುದುಂಟು. ಒಂಟಿತನಕ್ಕೂ ಹಾಗಾಗುತ್ತದೆಂದು ನಾವು ಓದಿದ್ದೇವೆ. ಮಗನ್ನ ನೋಡಲು ನೆವ ಬೇಕಾಗಿದೆ ನಿನಗೆ ಎಂದು ಚಾಷ್ಟಿ ಮಾಡಿದೆ. ಅವಳು ನಕ್ಕು ಮಲಾಮನ್ನು ಕುಪ್ಪಸದೊಳಗೆ ಇಟ್ಟುಕೊಂಡು ಹೋದಳು.

ಒಂದು ಸಲ ಬಂದು ಬಾಯಿ ತೆರೆಯಲು ಬರುತ್ತಿಲ್ಲ ಅಂದಳು.

"ಬಾಯಿ ತೆರಿಯಾಕ ಬರವಲ್ದು ನೋಡಪ್ಪ. ತುತ್ತು ಹಿಡಿಯಾಂಗಿಲ್ಲ, ಬೆರಳಷ್ಟೇ ಹೋಗ್ತದ," ಎಂದು ಬಾಯಿ ಅಗಲವಾಗಿ ತೆರೆದು ತೋರಿಸಿದಳು.

ನಾನು ನಕ್ಕುಬಿಟ್ಟೆ. ನನ್ನ ಜೊತೆ ಕೆಲಸ ಮಾಡುವ ಕಿರಿಯ ಡಾಕ್ಟರಮ್ಮನೂ ನಕ್ಕಳು. ಅವ್ವ ನಗಲಿಲ್ಲ. ಹಾಗೆ ಆದವರಿಗೆ ಯಾವ ಔಷಧಿ ಕೊಡುತ್ತಾರೆ ಅಷ್ಟು ಹೇಳು ಎಂದು ಕೇಳಿದಳು. ಅಷ್ಟು ಅಗಲ ತೆರೆದ ಬಾಯಿಗೆ ನಾನು ಯಾವ ಔಷಧಿ ಕೊಡಲಿ? ಇನ್ನೊಂದು ಮಲಾಮು ಕೊಟ್ಟು ಬಸ್ಸಿಗೆ ಹತ್ತಿಸಿ ಬಂದೆ.

ಆ ಡಾಕ್ಟರಮ್ಮ ದವಾಖಾನೆಗೆ ಒಂದು ಬೇರೆ ಫೋನು ಇಡಿಸಿದ್ದಳು. ಊರೂರಿನಿಂದ ಬರಲಾಗದವರು ಬಾಯಿಯ ಫೋಟೊ ತೆಗೆದು ಕಳಿಸಲಿ, ನೋಡಿ ಬರಬೇಕೋ ಬೇಡವೋ ಹೇಳೋಣ ಎಂಬುದು ಅವಳ ಯೋಚನೆ. ನನಗೆ ಅದು ಸೇರಿರಲಿಲ್ಲ. ನಾಳೆ ಫೋನಿನಲ್ಲೇ ಹಲ್ಲು ಕೀಳು ಅಂತಾರೆ ನೋಡು ಎಂದು ಅವಳನ್ನು ಕಾಡಿಸುತ್ತಿದ್ದೆ. ಒಂದು ಮಧ್ಯಾಹ್ನ ಅವಳು ಆ ಫೋನು ತಂದು ನನ್ನ ಮುಂದೆ ಹಿಡಿದಳು. ಅರೆ ತೆರೆದ ಒಂದು ಹೆಂಗಸಿನ ಬಾಯಿ. ಒಸಡಿನುದ್ದಕ್ಕೂ ಮಿಶ್ರಿಯ ಕಪ್ಪು. ಎಡಗೆನ್ನೆಯ ಒಳಗೆ ಅಂಚು ದಪ್ಪವಾದ, ಬಿಳಿ ಕೆಂಪು ಬೆರೆತ ಹುಣ್ಣು. ಇಂಥದ್ದನ್ನು ಗುರುತಿಸಲು ನನಗೆ ಯಾವ ಸಾಫ್ಟ್‌ವೇರೂ ಬೇಕಿಲ್ಲ. ಈಗಲೇ ಕರೆಸು, ಇವತ್ತೇ ಬರಲಿ ಎಂದೆ. ಅವಳು ಆ ನಂಬರಿಗೆ ಫೋನು ಮಾಡಿ ಊರು, ಹೆಸರು ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖ ಬದಲಾಯಿತು. ಫೋನು ನನ್ನ ಕೈಗೆ ಕೊಟ್ಟಳು. ಆ ಕಡೆ ನನ್ನ ತಮ್ಮನ ಮಗಳ ದನಿ.

"ದೊಡ್ಡಪ್ಪ, ಅದು ಅವ್ವನ ಬಾಯಿರಿ. ನಿಮಗ ಹೇಳಬ್ಯಾಡಂತ ಆಣಿ ಹಾಕ್ಯಾಳ. ಆಯಿ ತಂದ ಮಲಾಮೆಲ್ಲ ಅವ್ವಗೇ ಹಚ್ಚೀವ್ರಿ."

ಆಯಿ ಅಂದರೆ ಅಜ್ಜಿ, ನನ್ನ ಅವ್ವ. ಆ ಎರಡು ಮಾತಿನಲ್ಲಿ ನನಗೆ ಎಲ್ಲ ತಿಳಿಯಿತು.

ಸೊಸೆಯ ಕೆನ್ನೆ ಉರಿಯುತ್ತಿತ್ತು. ಭಾವನಾದ ನನ್ನ ಮುಂದೆ ಬಾಯಿ ತೆರೆಯುವಂತಿಲ್ಲ. ಮಿಶ್ರಿ ಬಿಡಿರೆಂದು ಹಳ್ಳಿ ಹಳ್ಳಿಗೆ ಹೋಗಿ ಭಾಷಣ ಮಾಡುವ ಭಾವನಿಗೆ ಮಿಶ್ರಿ ಹಚ್ಚಿದ ಬಾಯಿ ತೋರಿಸುವುದಂತೂ ಸಾಧ್ಯವೇ ಇಲ್ಲ. ಹುಮನಾಬಾದಿನಲ್ಲಿ ಬೇರೆ ಹಲ್ಲಿನ ಡಾಕ್ಟರುಗಳಿದ್ದಾರೆ. ಆದರೆ ಮನೆಯಲ್ಲೇ ಡಾಕ್ಟರ್ ಇರುವಾಗ ಬೇರೆಯವರ ಕಡೆ ಹೋದರೆ ನನಗೆ ಅವಮಾನ, ಊರು ಆಡಿಕೊಳ್ಳುತ್ತದೆ. ಇದು ನನ್ನ ತಮ್ಮನ ವಿಚಾರ. ನನ್ನ ಮರ್ಯಾದೆ ಕಾಯಲು ಅವ್ವ, ತಮ್ಮ, ಅವನ ಹೆಂಡತಿ ಮೂರೂ ಜನ ಸೇರಿ ಒಂದು ಹಾದಿ ಕಂಡುಕೊಂಡಿದ್ದರು: ಸೊಸೆ ತನ್ನ ನೋವು ಅತ್ತೆಗೆ ಹೇಳುವುದು, ಅತ್ತೆ ಅದನ್ನು ತನ್ನದೆಂದು ಮಗನಿಗೆ ಹೇಳುವುದು, ಮಗ ಕೊಟ್ಟ ಮಲಾಮು ಸೊಸೆಗೆ ಹಚ್ಚುವುದು. ಚಹಾ ಬೇಕೇ ಎಂದು ಕೂಸಿನ ಮೂಲಕ ಕೇಳಿದ ಹಾಗೆಯೇ. ನೋವನ್ನು ಹಾಗೆ ದಾಟಿಸಬಹುದು ಎಂದು ಅವರು ತಿಳಿದಿದ್ದರು. ಹುಣ್ಣು ದಾಟಿ ಬರುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅದೇ ಸಂಜೆ ಹುಮನಾಬಾದಿಗೆ ಹೋದೆ. ಅವ್ವ ಊಟಕ್ಕೆ ಕೂತಿದ್ದಳು. ರೊಟ್ಟಿಯನ್ನು ಬೇಳೆಯಲ್ಲಿ ನೆನೆಹಾಕಿ ಮುದ್ದೆ ಮಾಡಿಕೊಂಡು ನುಂಗುತ್ತಿದ್ದಳು. ಸೆಟ್ ತಟ್ಟೆಯ ಪಕ್ಕದ ಬಟ್ಟಲಿನಲ್ಲಿತ್ತು. ಇಲ್ಲದ ನೋವಿಗೆ ನಾನು ಮತ್ತೆ ಮತ್ತೆ ತಿಕ್ಕಿ ಅದರ ಎಡಭಾಗ ಸಡಿಲವಾಗಿ, ಈಗ ಅದು ಬಾಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಕಚ್ಚಿದರೆ ಏಳುತ್ತಿತ್ತು. ಒಂದು ಮಾತು ಹೇಳಿರಲಿಲ್ಲ ನನಗೆ. ಹೇಳಿದರೆ ಉರಿ ಸುಳ್ಳೆಂದು ಗೊತ್ತಾಗಿ ಮಲಾಮು ಸಿಗುವುದಿಲ್ಲವಲ್ಲ. ಮಗ ಮಾಡಿಕೊಟ್ಟ ಹಲ್ಲನ್ನು ಮಗನ ಕೈಯಿಂದಲೇ ಹಾಳು ಮಾಡಿಸಿಕೊಳ್ಳುತ್ತ ಆ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಳು. ಅವಳ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಸಿಟ್ಟಿನ ಅಡಿಯಲ್ಲಿ ಏನಿತ್ತೋ ಅದಕ್ಕೆ ಹೆಸರಿಡಲು ನನಗೆ ಇವತ್ತಿಗೂ ಆಗಿಲ್ಲ.

ಹೈದರಾಬಾದಿನ ದೊಡ್ಡ ಆಸ್ಪತ್ರೆಯಲ್ಲಿ ಸೊಸೆಯ ಎಡಗೆನ್ನೆಯನ್ನೂ ಕೆಳದವಡೆಯ ಒಂದು ಭಾಗವನ್ನೂ ತೆಗೆದರು. ಎದೆಯ ಮಾಂಸ, ಚರ್ಮ ತಂದು ಕೆನ್ನೆಗೆ ಹೊಲಿದರು. ಆಮೇಲೆ ಜನ ಕರೆಂಟು ಎನ್ನುವ ವಿಕಿರಣ ಚಿಕಿತ್ಸೆ. ಅಲ್ಲಿಯ ಸರ್ಜನ್ ನನ್ನನ್ನು ಪಕ್ಕಕ್ಕೆ ಕರೆದು, ಸ್ವಲ್ಪ ಮೊದಲೇ ಬಂದಿದ್ದರೆ ಇಷ್ಟು ಕತ್ತರಿಸಬೇಕಿರಲಿಲ್ಲ ಎಂದರು. ಮನೆಯಲ್ಲಿ ಯಾರಾದರೂ ಗಮನಿಸಲಿಲ್ಲವೇ ಎಂದು ಕೇಳಿದರು. ನಾನು ಏನು ಕೆಲಸ ಮಾಡುತ್ತೇನೆಂದು ಅವರಿಗೆ ಹೇಳಲಿಲ್ಲ.

ಆ ದಿನಗಳಲ್ಲೇ ಒಬ್ಬ ಕಂಪನಿ ಪ್ರತಿನಿಧಿ ದವಾಖಾನೆಗೆ ಬಂದ. ಒಳ್ಳೆಯ ಹುಡುಗ, ಟೈ ಕಟ್ಟಿದ್ದ. ಬಾಯೊಳಗಿನ ಫೋಟೊ ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ಹೇಳುವ ಯಂತ್ರ ತಂದಿದ್ದ. ಇನ್ನು ಮುಂದೆ ಡಾಕ್ಟರರ ಕಣ್ಣು ತಪ್ಪಿದರೂ ಇದು ತಪ್ಪುವುದಿಲ್ಲ ಸರ್, ರೋಗಿ ಬಾಯಿ ತೆರೆದರೆ ಸಾಕು ಅಂದ. ಬಾಯಿ ತೆರೆಸುವ ಯಂತ್ರ ಇದ್ದರೆ ತೆಗೆದುಕೊಂಡು ಬಾ ಎಂದು ಗದರಿ ಕಳಿಸಿದೆ. ಪಾಪ, ಅವನ ತಪ್ಪೇನಿತ್ತು? ಯಂತ್ರಕ್ಕೆ ಭಾವ ಇಲ್ಲ, ಮೈದುನ ಇಲ್ಲ, ಅದರ ಮುಂದೆ ಸೆರಗು ಹೊದೆಯಬೇಕಿಲ್ಲ. ನಾನು ಗೇಲಿ ಮಾಡಿದ ಆ ಫೋನೇ ಅಲ್ಲವೇ ನಮ್ಮ ಮನೆಯ ಬಾಯಿಯನ್ನು ನನಗೆ ತೋರಿಸಿದ್ದು? ತಮ್ಮನ ಮಗಳು ತಾಯಿ ಹಾಕಿದ ಆಣೆ ಮುರಿದು ಆ ಫೋಟೊ ತೆಗೆಯದಿದ್ದರೆ ಅದೂ ಆಗುತ್ತಿರಲಿಲ್ಲ. ಬರುವ ಕಾಲದಲ್ಲಿ ನಮ್ಮ ಬಳಿ ಇನ್ನೂ ಜಾಣ ಯಂತ್ರಗಳು ಇರುತ್ತವೆ. ಅವುಗಳ ಮುಂದೆ ಅತ್ತೆಯ ಬಾಯಿ ತಂದು ಕೂರಿಸಿದರೆ ಅವು ಕೂಡ ಏನೂ ಇಲ್ಲ ಅಂತಲೇ ಹೇಳುತ್ತವೆ.

ಕರೆಂಟು ಮುಗಿದ ಮೇಲೆ ಸೊಸೆಯ ಉಳಿದ ಹಲ್ಲೊಂದು ನಾಲಿಗೆಗೆ ಚುಚ್ಚಿ ಗಾಯ ಮಾಡತೊಡಗಿತು. ಅಷ್ಟಕ್ಕೆ ಹೈದರಾಬಾದಿಗೆ ಒಯ್ಯುವ ತ್ರಾಣ ಅವಳಲ್ಲಿರಲಿಲ್ಲ. ತಮ್ಮ ಅವಳನ್ನು ಕಲ್ಯಾಣಕ್ಕೆ ಕರೆತಂದ. ನಾನು ಡಾಕ್ಟರಮ್ಮನನ್ನು ಮುಂದೆ ಮಾಡಿ ಹಿಂದೆ ನಿಂತೆ. ಸೊಸೆ ಕೈಸನ್ನೆಯಿಂದ ಬೇಡ ಅಂದಳು. ನನ್ನನ್ನೇ ಕರೆದಳು. ಸೆರಗನ್ನು ತಾನೇ ಹಿಂದಕ್ಕೆ ಹಾಕಿದಳು. ಇಷ್ಟು ವರ್ಷ ನಮ್ಮ ಮನೆಗೆ ಅಡುಗೆ ಮಾಡಿ ಹಾಕಿದವಳ ಮುಖವನ್ನು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು, ನೋಡುವ ಹೊತ್ತಿಗೆ ಅದು ಅರ್ಧ ಉಳಿದಿತ್ತು. ಬಾಯಿ ಬೆರಳಷ್ಟೇ ತೆರೆಯಿತು. ಆ ಸಂದಿನಲ್ಲೇ ಹಲ್ಲು ಸವೆಸುವ ಸಣ್ಣ ಬರ್ ಇಳಿಸಿ ಹಲ್ಲಿನ ಚೂಪು ತೆಗೆದೆ. ನೋವಾಯಿತೇ ಎಂದು ಕೇಳಿದೆ. ಇಲ್ಲವೆಂದು ತಲೆ ಅಲ್ಲಾಡಿಸಿದಳು. ಗಂಡ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿರುವಾಗ ಅವಳು ನನ್ನ ಜೊತೆ ಮಾತಾಡಿದಳು. ಮಾತು ತೊದಲುತ್ತಿತ್ತು, ನಿಧಾನವಾಗಿ, ಒಂದೊಂದೇ ಶಬ್ದ ಎತ್ತಿ ಇಟ್ಟಳು.

"ಭಾವಾರ, ಅತ್ತಿಯಾರಿಗಿ ಏನೂ ಹೇಳಬ್ಯಾಡ್ರಿ. ಮಲಾಮು ಹಚ್ಚಿಕೋತ ಕುಂತು ತಡಾ ಆತು ಅಂತ ಗೊತ್ತಾದ್ರ ಅವರು ಬದಕಾಂಗಿಲ್ರಿ."

ಹೇಳುವುದಿಲ್ಲ ಅಂದೆ. ನಮ್ಮಿಬ್ಬರ ನಡುವೆ ಮಾತು ಅಂತ ನಡೆದದ್ದು ಇಷ್ಟೇ.

ರೋಗ ಕುತ್ತಿಗೆಗೆ ತಿರುಗಿ ಬಂತು. ತೊಗರಿ ರಾಶಿಯ ಹೊತ್ತಿಗೆ ಅವಳು ಹೋದಳು. ಕೊಡಂಬಲದಿಂದ ಅವಳ ತವರಿನವರು ಬಂದರು, ನನ್ನನ್ನು ಹಿಡಿದುಕೊಂಡು ಅತ್ತರು, ನೀವು ಡಾಕ್ಟರ್ ಇದ್ದದ್ದಕ್ಕೆ ಇಷ್ಟಾದರೂ ಆಯಿತು ಎಂದರು. ನಾನು ಆ ಮಾತನ್ನು ನಿಂತು ಕೇಳಿಸಿಕೊಂಡೆ.

ದಿನಕರ್ಮಗಳೆಲ್ಲ ಮುಗಿದು ನೆಂಟರು ಚದುರಿದ ಮೇಲೆ ಅವ್ವ ನನ್ನನ್ನು ಅಡುಗೆಮನೆಗೆ ಕರೆದಳು. ಒಲೆ ಹೊತ್ತಿರಲಿಲ್ಲ. ಸೊಸೆ ರೊಟ್ಟಿ ಬಡಿಯುತ್ತಿದ್ದ ಜಾಗದ ಪಕ್ಕ ಗೋಡೆಗೆ ಆತು ಕೂತಿದ್ದಳು. ಹಲ್ಲಿಲ್ಲದ ಬಾಯಿ ಒಳಗೆ ಸೇದಿಕೊಂಡು ಅವಳ ಮುಖ ಬಹಳ ಸಣ್ಣದಾಗಿ ಕಂಡಿತು. ಹೊಸ ಸೆಟ್ ಮಾಡುತ್ತೇನೆಂದರೆ ಬೇಡ ಎಂದಿದ್ದಳು. ಆಕೆ ಉಣ್ಣದೆ ಹೋದಳು, ನಾನು ಏನು ಕಡಿಯಲಿ ಎಂದಿದ್ದಳು.

"ಖರೇ ಹೇಳು," ಎಂದಳು. "ಅವತ್ತ ನನ್ನ ಬಾಯಿ ಬದ್ಲಿ ಆಕಿ ಬಾಯಿ ನೋಡಿದ್ದೆಂದ್ರ ಆಕಿ ಉಳೀತಿದ್ಲೇನು?"

ದಿನಾ ರೋಗಿಗಳಿಗೆ ಖರೆ ಹೇಳುವವನು ನಾನು. ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾನೆ ಎಂಬ ಹೆಸರು ಕೂಡ ಇದೆ. ಅವತ್ತು ಹೇಳಲಿಲ್ಲ. ಇಲ್ಲವ್ವ, ಅದು ಮೊದಲೇ ಒಳಗೆ ಇಳಿದಿತ್ತು, ಯಾರು ನೋಡಿದ್ದರೂ ಇಷ್ಟೇ ಆಗುತ್ತಿತ್ತು ಎಂದೆ. ಡಾಕ್ಟರನ ದನಿಯಲ್ಲೇ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ, ಹಾಂಗಾದ್ರ ಆತು ಬಿಡಪ್ಪ ಎಂದು ಎದ್ದು ಒಲೆ ಹೊತ್ತಿಸಿದಳು. ನನಗೆ ಹಗುರಾಯಿತು. ಸತ್ತವಳಿಗೆ ಕೊಟ್ಟ ಮಾತು ಉಳಿಸಿದೆ, ಇದ್ದವಳನ್ನೂ ಉಳಿಸಿದೆ ಅಂದುಕೊಂಡೆ.

ಆಮೇಲೆ ದವಾಖಾನೆಗೆ ಹುಮನಾಬಾದಿನ ಕಡೆಯ ಹೆಂಗಸರು ಬರತೊಡಗಿದರು. ನಮ್ಮ ಓಣಿಯವರು, ನಿರ್ಣಾದವರು, ಆಚೀಚೆಯ ಹಳ್ಳಿಯವರು. ತಲೆ ತುಂಬ ಸೆರಗು, ಒಸಡಿಗೆ ಮಿಶ್ರಿಯ ಕಪ್ಪು. ನೋವೇನೂ ಇಲ್ಲ, ಸುಮ್ಮನೆ ಬಾಯಿ ನೋಡಿರಿ ಎನ್ನುತ್ತಿದ್ದರು. ಯಾಕೆ ಬಂದಿರಿ ಅಂದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಸಾವಿನ ಸುದ್ದಿ ಹರಡಿ ಹೆದರಿದ್ದಾರೆ ಎಂದು ನಾನು ತಿಳಿದೆ. ಕೆಲವರ ಬಾಯಲ್ಲಿ ಬಿಳಿ ಮಚ್ಚೆಗಳಿದ್ದವು, ಇನ್ನೂ ಕೈಮೀರದಂಥವು. ಅವರಿಗೆ ಮಿಶ್ರಿ ಬಿಡಿಸಿ, ಔಷಧಿ ಕೊಟ್ಟು, ತಿರುಗಿ ಬರಲು ಹೇಳಿದೆ. ತಿರುಗಿ ಬಂದರು.

ಒಂದು ದಿನ ಹುಡಗಿ ಎಂಬ ಊರಿನಿಂದ ಅತ್ತೆ ಸೊಸೆ ಬಂದರು. ವಯಸ್ಸಾದವಳಿಗೇ ತೊಂದರೆ ಇರಬೇಕೆಂದು ಅವಳನ್ನು ಕುರ್ಚಿಗೆ ಕರೆದೆ. ಅವಳು ಸೊಸೆಯ ರಟ್ಟೆ ಹಿಡಿದು ತಂದು ಕೂರಿಸಿದಳು. ಸೊಸೆಗೆ ನಾಚಿಕೆ, ಸೆರಗು ಬಿಡಲೊಲ್ಲಳು. ಅತ್ತೆ ನನ್ನ ಕಡೆ ತಿರುಗಿ ಹೇಳಿದಳು.

"ನಿಮ್ಮವ್ವಾರು ಬಸ್ ಸ್ಟ್ಯಾಂಡ್ ತನಕ ಬಂದು ನಮ್ಮನ್ನ ಬಸ್ ಹತ್ತಿಸ್ಯಾರ್ರಿ. 'ನಾ ನನ್ನ ಬಾಯಿ ತೋರ್ಸಿ ಸೊಸಿನ್ನ ಕೊಂದೀನಿ, ನನ್ನ ಮಗಗ ಎಲ್ಲಾ ಗೊತ್ತದ, ನನ್ನ ಸಲುವಾಗಿ ಸುಳ್ಳ ಹೇಳ್ಯಾನ, ನೀ ಹಾಂಗ ಮಾಡಬ್ಯಾಡ, ಸೊಸಿನ್ನೇ ಕರ್ಕೊಂಡು ಹೋಗು' ಅಂದ್ರು. ಮನಿ ಮನಿಗಿ ಹೋಗಿ ಇದನ್ನ ಹೇಳಾಕತ್ತಾರ್ರಿ."

ಸೊಸೆ ಸೆರಗು ಸರಿಸಿ ಬಾಯಿ ತೆರೆದಳು. ದೀಪವನ್ನು ಹತ್ತಿರ ಎಳೆದುಕೊಂಡೆ. ಬಹಳ ಹೊತ್ತು ನನಗೆ ಏನೂ ಕಾಣಿಸಲಿಲ್ಲ.